ಫೋಟೋ ಛಲೋ ಬಂತು, ಕೈ ಪಳಗಿತೇ?

ಹವ್ಯಾಸಿ ಛಾಯಾಗ್ರಾಹಕ ತನ್ನ ಮಟ್ಟವನ್ನು ತಾನೇ ಅಳೆದುಕೊಳ್ಳುವುದು ಹೇಗೆ?

ಘಟ್ಟದ ಮೇಲೆ ಮಳೆ ಹಿಡಿಯಿತೆಂದರೆ ಗೋಕಾಕಿನಲ್ಲಿ ಘಟಪ್ರಭೆ ಕೆಂಪಾಗುತ್ತಾಳೆ. ಕುದುರೆ ಲಾಳದ ಆಕಾರದ ಬಂಡೆಯಂಚಿನಿಂದ ಸುಮಾರು 52 ಮೀಟರ್, ಅಂದರೆ 170 ಅಡಿ ಆಳಕ್ಕೆ ನದಿ ಧುಮುಕುತ್ತದೆ. ಜುಲೈ, ಆಗಸ್ಟ್ ತಿಂಗಳ ಭಾನುವಾರಗಳಲ್ಲಿ ಅಲ್ಲಿ ನಿಂತು ನೋಡಿದರೆ ನೀರಿನ ಹನಿಗಳಷ್ಟೇ ಕ್ಯಾಮೆರಾಗಳೂ ಇವೆಯೇನೋ ಅನಿಸುತ್ತದೆ. ಕೈಗೊಂದು ಮೊಬೈಲು, ಹತ್ತು ಜನರಲ್ಲಿ ಒಬ್ಬರ ಕೊರಳಲ್ಲಿ ದೊಡ್ಡ ಕ್ಯಾಮೆರಾ. ಸಂಜೆ ಮನೆ ಮುಟ್ಟುವ ಮೊದಲೇ ಚಿತ್ರಗಳು ಬಂಧುಬಳಗದ ಮೊಬೈಲುಗಳಿಗೆ ಹೋಗಿಬಿಟ್ಟಿರುತ್ತವೆ. ಉತ್ತರಗಳೂ ಕೂಡಲೇ ಬರುತ್ತವೆ: "ಭಾಳ ಛಲೋ ಬಂದೈತಿ!" "ಏ ತಮ್ಮಾ, ನೀ ದೊಡ್ಡ ಫೋಟೋಗ್ರಾಫರ್ ಆಗೀ ನೋಡು!"

ಮಾತು ಸಿಹಿಯಾದದ್ದೇ, ಗೋಕಾಕದ ಕರದಂಟಿನಷ್ಟೇ ಸಿಹಿ. ಆದರೆ ಆ ಮಾತು ಯಾರಿಗೆ ಸಲ್ಲಬೇಕು? ಜಲಪಾತಕ್ಕೋ, ಮೊಬೈಲು ತಯಾರಿಸಿದ ಎಂಜಿನಿಯರುಗಳಿಗೋ, ಗುಂಡಿ ಒತ್ತಿದ ಹುಡುಗನಿಗೋ? ಮೂವರಿಗೂ ಸ್ವಲ್ಪ ಸ್ವಲ್ಪ ಎನ್ನುವುದಾದರೆ ಹುಡುಗನ ಪಾಲು ಎಷ್ಟು? ಛಾಯಾಗ್ರಹಣವನ್ನು ಹವ್ಯಾಸ ಮಾಡಿಕೊಂಡ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಎದುರಿಸಲೇಬೇಕಾದ ಪ್ರಶ್ನೆ ಇದು.

ತೂಕ ತಪ್ಪಿದರೆ ನಷ್ಟ ಎರಡು ಕಡೆಗೂ

ಇದು ಕೇವಲ ಹೆಮ್ಮೆಯ ಪ್ರಶ್ನೆಯಲ್ಲ. ಮುಡಲಗಿ, ಹುಕ್ಕೇರಿ, ಗೋಕಾಕ ತಾಲ್ಲೂಕುಗಳ ಅನೇಕ ಮನೆಗಳಲ್ಲಿ ಇದು ಕಬ್ಬಿನ ಬಿಲ್ಲಿನ ಪ್ರಶ್ನೆಯೂ ಹೌದು. ಪಿಯುಸಿ ಓದುವ ಹುಡುಗ ನಾಲ್ಕು ಒಳ್ಳೆಯ ಚಿತ್ರ ತೆಗೆದಿರುತ್ತಾನೆ, ಗೆಳೆಯರು ಹೊಗಳಿರುತ್ತಾರೆ. "ಅಪ್ಪಾ, ಮೊಬೈಲಿನ್ಯಾಗ ಇನ್ನ ಆಗೂದಿಲ್ಲ, ನನಗ ಕ್ಯಾಮೆರಾನ ಬೇಕು" ಎನ್ನುತ್ತಾನೆ. ಕ್ಯಾಮೆರಾ ಮತ್ತು ಲೆನ್ಸು ಸೇರಿದರೆ ಬೆಲೆ ಐದಂಕಿ ದಾಟಿ ಆರಂಕಿಗೂ ಹೋಗಬಹುದು. ಓದು ಬಿಟ್ಟು ಇದನ್ನೇ ಹಿಡಿಯುತ್ತೇನೆಂದು ಹಟ ಹಿಡಿದರೆ ನಷ್ಟ ಹಣದಲ್ಲೇ ನಿಲ್ಲುವುದಿಲ್ಲ.

ಇನ್ನೊಂದು ಮನೆಯಲ್ಲಿ ಇದಕ್ಕೆ ವಿರುದ್ಧ ಚಿತ್ರ. ಹುಡುಗಿಯ ಕಣ್ಣಿಗೆ ಬೆಳಕಿನ ಅಂದ ಗೊತ್ತು. ಅಜ್ಜಿ ಜೋಳದ ರೊಟ್ಟಿ ಬಡಿಯುವಾಗ ಒಲೆಯ ಬೆಂಕಿ ಮುಖದ ಮೇಲೆ ಬೀಳುವ ಕ್ಷಣವನ್ನು ಅವಳು ಹಿಡಿಯಬಲ್ಲಳು. ಆದರೆ ತನ್ನ ಚಿತ್ರಗಳಲ್ಲಿ ಅವಳಿಗೆ ಕಾಣುವುದು ದೋಷಗಳು ಮಾತ್ರ. ಯಾರಿಗೂ ತೋರಿಸದೆ ಅಳಿಸಿಬಿಡುತ್ತಾಳೆ. ಒಂದು ದಿನ ಹವ್ಯಾಸವನ್ನೂ ಬಿಡುತ್ತಾಳೆ. ಆ ನಷ್ಟ ಯಾವ ಲೆಕ್ಕದ ಪುಸ್ತಕದಲ್ಲೂ ಬರೆದಿಡುವಂಥದಲ್ಲ; ಆದರೆ ಅದೂ ನಷ್ಟವೇ.

ಇಬ್ಬರದೂ ಒಂದೇ ತೊಂದರೆ. ತಕ್ಕಡಿ ಸರಿಯಿಲ್ಲ.

ತನ್ನ ಬೆನ್ನು ತನಗೆ ಕಾಣದು

ಮನುಷ್ಯ ತನ್ನ ಕೌಶಲವನ್ನು ತಾನೇ ಅಂದಾಜು ಮಾಡುವಾಗ ಎಡವುತ್ತಾನೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಬಹಳ ಹಿಂದೆಯೇ ಗುರುತಿಸಿದ್ದಾರೆ. 1981ರಲ್ಲಿ ಸ್ವೀಡನ್ನಿನ ಓಲಾ ಸ್ವೆನ್ಸನ್ ಎಂಬ ಸಂಶೋಧಕರು ವಾಹನ ಚಾಲಕರನ್ನು ಪ್ರಶ್ನಿಸಿದರು. ಅಮೆರಿಕದ ಗುಂಪಿನಲ್ಲಿ 100ಕ್ಕೆ 93 ಮಂದಿ, ಸ್ವೀಡನ್ನಿನ ಗುಂಪಿನಲ್ಲಿ 100ಕ್ಕೆ 69 ಮಂದಿ ತಮ್ಮ ಚಾಲನಾ ಕೌಶಲ ಗುಂಪಿನ ನಡುಮಟ್ಟಕ್ಕಿಂತ ಮೇಲಿದೆ ಎಂದರು. ಗಣಿತ ಬಲ್ಲ ವಿದ್ಯಾರ್ಥಿ ಇಲ್ಲಿ ನಗಬೇಕು. ಸಾಲಾಗಿ ನಿಲ್ಲಿಸಿದರೆ ನಡುವಿನಿಂದ ಮೇಲೆ ಅರ್ಧ ಜನ ಮಾತ್ರ ಇರಲು ಸಾಧ್ಯ!

1999ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜಸ್ಟಿನ್ ಕ್ರೂಗರ್ ಮತ್ತು ಡೇವಿಡ್ ಡನಿಂಗ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ತರ್ಕ, ವ್ಯಾಕರಣ, ಹಾಸ್ಯಪ್ರಜ್ಞೆ ಇವುಗಳಲ್ಲಿ ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, "ನಿಮ್ಮ ಸ್ಥಾನ ಎಷ್ಟಿರಬಹುದು?" ಎಂದು ಅವರನ್ನೇ ಕೇಳಿದರು. ಕೆಳಗಿನ ಕಾಲುಭಾಗದಲ್ಲಿದ್ದವರು 100 ಮೆಟ್ಟಿಲ ಏಣಿಯಲ್ಲಿ ಸರಾಸರಿ 12ನೇ ಮೆಟ್ಟಿಲ ಹತ್ತಿರ ಇದ್ದರು. ಆದರೆ ತಾವು 62ನೇ ಮೆಟ್ಟಿಲಲ್ಲಿ ಇದ್ದೇವೆಂದು ಭಾವಿಸಿದ್ದರು. ಎಲ್ಲರಿಗಿಂತ ಮೇಲಿದ್ದವರು ತಮ್ಮನ್ನು ಇರುವುದಕ್ಕಿಂತ ತುಸು ಕೆಳಗೆ ಎಣಿಸಿಕೊಂಡಿದ್ದರು. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಗೆ ಅಂಕಿಅಂಶ ಸಿಕ್ಕಂತಾಯಿತು.

ಕಾರಣವಾಗಿ ಅವರು ಹೇಳಿದ ಮಾತು ಸರಳವಾಗಿತ್ತು. ಕೆಲಸ ಚೆನ್ನಾಗಿ ಮಾಡಲು ಯಾವ ತಿಳಿವಳಿಕೆ ಬೇಕೋ, ಕೆಲಸ ಚೆನ್ನಾಗಿದೆಯೇ ಎಂದು ಗುರುತಿಸಲೂ ಅದೇ ತಿಳಿವಳಿಕೆ ಬೇಕು. ವ್ಯಾಕರಣ ಬಾರದವನಿಗೆ ತನ್ನ ವಾಕ್ಯದ ತಪ್ಪು ಹೇಗೆ ಕಂಡೀತು? ಈ ಅಂಕಿಗಳಲ್ಲಿ ಒಂದಿಷ್ಟು ಭಾಗ ಸಂಖ್ಯಾಶಾಸ್ತ್ರದ ಆಟ ಎಂದು ವಾದಿಸಿದ ವಿಜ್ಞಾನಿಗಳೂ ಮುಂದೆ ಬಂದರು. ಆ ಚರ್ಚೆ ಮುಗಿದಿಲ್ಲ. ಆದರೆ ಅದೇ ಅಧ್ಯಯನದ ಇನ್ನೊಂದು ಭಾಗ ನಮ್ಮ ವಿಷಯಕ್ಕೆ ಬಹು ಉಪಯುಕ್ತ. ತರ್ಕದಲ್ಲಿ ಹಿಂದುಳಿದವರಿಗೆ ಸ್ವಲ್ಪ ತರಬೇತಿ ಕೊಟ್ಟಾಗ ತಮ್ಮ ಉತ್ತರಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಅವರೇ ಹೆಚ್ಚು ನಿಖರವಾಗಿ ಹೇಳಬಲ್ಲವರಾದರು. ಅಂದರೆ ತಕ್ಕಡಿಯನ್ನು ಸರಿಪಡಿಸಲು ಬರುತ್ತದೆ. ಕಲಿಕೆಯೇ ಅದರ ದಾರಿ.

ಫೋನಿನ ಪಾಲು ಕಳೆದು ಉಳಿದದ್ದೆಷ್ಟು?

ಸುರುಳಿಯ ಕಾಲದಲ್ಲಿ ಈ ತೂಕ ಸ್ವಲ್ಪ ಸುಲಭವಾಗಿತ್ತು. ಮಧ್ಯಮ ವರ್ಗದ ಮನೆಗಳಲ್ಲಿ ಇರುತ್ತಿದ್ದ ಆಗ್ಫಾ ಕ್ಲಿಕ್ 3 ಕ್ಯಾಮೆರಾಕ್ಕೆ 120 ನಂಬರಿನ ಸುರುಳಿ ಹಾಕಿದರೆ 12 ಚಿತ್ರ. 35 ಮಿ.ಮೀ. ಸುರುಳಿಯಾದರೆ 36. ಪ್ರತಿ ಚಿತ್ರಕ್ಕೂ ಕಾಸು ಬೀಳುತ್ತಿತ್ತು. ತೊಳೆದು ಬಂದಾಗ 36ರಲ್ಲಿ ಎಷ್ಟು ಕಪ್ಪಾಗಿವೆ, ಎಷ್ಟು ಅಲುಗಿವೆ, ಎಷ್ಟರಲ್ಲಿ ತಲೆ ಕತ್ತರಿಸಿದೆ ಎಂದು ಮನೆಮಂದಿಯೆಲ್ಲ ಕೂತು ಎಣಿಸುತ್ತಿದ್ದರು. ನೆಗೆಟಿವ್ ಸುಳ್ಳು ಹೇಳುತ್ತಿರಲಿಲ್ಲ. ತಪ್ಪು ಅಚ್ಚೊತ್ತಿ ಕೈಗೇ ಬರುತ್ತಿತ್ತು, ಅದಕ್ಕೆ ಹಣವನ್ನೂ ಕೊಡಬೇಕಾಗುತ್ತಿತ್ತು.

ಇಂದಿನ ಮೊಬೈಲು ಹಾಗಲ್ಲ. ಗುಂಡಿ ಒತ್ತಿದ ಒಂದು ಕ್ಷಣದಲ್ಲಿ ಅದು ಒಂದರ ಮೇಲೊಂದು ಹಲವು ಚಿತ್ರಗಳನ್ನು ತೆಗೆದು, ಕತ್ತಲ ಭಾಗವನ್ನು ಒಂದರಿಂದ, ಬೆಳಕಿನ ಭಾಗವನ್ನು ಇನ್ನೊಂದರಿಂದ ಆರಿಸಿ ಕೂಡಿಸುತ್ತದೆ. ಮುಖವನ್ನು ಹುಡುಕಿ ಫೋಕಸ್ ಮಾಡುತ್ತದೆ. ಹಿನ್ನೆಲೆಯನ್ನು ಲೆಕ್ಕಾಚಾರದಿಂದಲೇ ಮಸುಕು ಮಾಡುತ್ತದೆ. ಆಕಾಶಕ್ಕೆ ನೀಲಿ ತುಂಬುತ್ತದೆ. ಇದರಿಂದ ಕೆಟ್ಟ ಚಿತ್ರ ಬರುವುದೇ ಅಪರೂಪವಾಗಿದೆ. ಒಳ್ಳೆಯದೇ. ಆದರೆ ಕಲಿಯುವವನಿಗೆ ಇದೊಂದು ಮೋಸದ ಕನ್ನಡಿ. ಕ್ಯಾಲ್ಕುಲೇಟರ್ ಇಟ್ಟುಕೊಂಡು ಮಗ್ಗಿ ಪರೀಕ್ಷೆಯಲ್ಲಿ 100ಕ್ಕೆ 100 ಪಡೆದ ಹಾಗೆ.

ಫೋನಿನ ಪಾಲನ್ನು ಕಳೆಯಲು ಮೂರು ಪ್ರಶ್ನೆ ಸಾಕು. ಎಲ್ಲಿ ನಿಲ್ಲಬೇಕೆಂದು ಯಾರು ನಿರ್ಧರಿಸಿದರು? ಚೌಕಟ್ಟಿನಲ್ಲಿ ಏನಿರಬೇಕು, ಏನಿರಬಾರದು ಎಂದು ಯಾರು ನಿರ್ಧರಿಸಿದರು? ಯಾವ ಕ್ಷಣದಲ್ಲಿ ಒತ್ತಬೇಕೆಂದು ಯಾರು ನಿರ್ಧರಿಸಿದರು? ಈ ಮೂರನ್ನು ಯಾವ ಫೋನೂ ಮಾಡುವುದಿಲ್ಲ. ಬೆಳಕಿನ ಪ್ರಮಾಣ, ಫೋಕಸ್, ಬಣ್ಣ ಇವನ್ನು ಯಂತ್ರ ಮಾಡಿದೆ. ಮೊದಲ ಮೂರಕ್ಕೆ "ನಾನೇ, ಬೇಕೆಂದೇ" ಎಂದು ಪ್ರಾಮಾಣಿಕವಾಗಿ ಹೇಳಬಲ್ಲ ಚಿತ್ರಗಳನ್ನು ಮಾತ್ರ ತನ್ನ ಲೆಕ್ಕಕ್ಕೆ ಬರೆದುಕೊಳ್ಳಬೇಕು.

ದೊಡ್ಡ ಕ್ಯಾಮೆರಾ ಇದ್ದವರಿಗೂ ಇದು ಅನ್ವಯಿಸುತ್ತದೆ. ಸೆಕೆಂಡಿಗೆ 20 ಚಿತ್ರ ಹೊಡೆಯುವ ಕ್ಯಾಮೆರಾದಲ್ಲಿ ಹಾರುವ ಹಕ್ಕಿಯ ಒಂದು ಚಿತ್ರ ಚೆನ್ನಾಗಿ ಬಂದರೆ ಅದು ಕೌಶಲವೂ ಇರಬಹುದು, ಅದೃಷ್ಟವೂ ಇರಬಹುದು. ಚಿತ್ರ ಕೆಟ್ಟಾಗ ಮಾತ್ರ ಕ್ಯಾಮೆರಾವನ್ನು ದೂರುವವರು ಬಹಳ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ!

ಮೊದಲು ಹೇಳು, ಆಮೇಲೆ ಒತ್ತು

ವಿಜ್ಞಾನದಲ್ಲಿ ಒಂದು ನಿಯಮವಿದೆ. ಪ್ರಯೋಗಕ್ಕೆ ಮೊದಲೇ ಫಲಿತಾಂಶ ಏನಾಗಬಹುದೆಂದು ಬರೆದಿಡಬೇಕು. ಬಂದ ಮೇಲೆ "ಹೀಗೇ ಆಗುತ್ತದೆಂದು ಗೊತ್ತಿತ್ತು" ಎನ್ನುವುದಕ್ಕೆ ಬೆಲೆಯಿಲ್ಲ. ಛಾಯಾಗ್ರಹಣದಲ್ಲೂ ಕೌಶಲದ ನಿಜವಾದ ಅಳತೆಗೋಲು ಇದೇ. ಮನಸ್ಸಿನಲ್ಲಿ ಕಂಡ ಚಿತ್ರಕ್ಕೂ ಬಂದ ಚಿತ್ರಕ್ಕೂ ಎಷ್ಟು ಅಂತರ? ಅಂತರ ಕಡಿಮೆಯಾದಂತೆ ಕೈ ಪಳಗಿದೆ ಎಂದರ್ಥ. ಅಮೆರಿಕದ ಪ್ರಸಿದ್ಧ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ತಮ್ಮ ಶಿಷ್ಯರಿಗೆ ಒತ್ತಿ ಹೇಳುತ್ತಿದ್ದುದೂ ಇದನ್ನೇ: ಗುಂಡಿ ಒತ್ತುವ ಮೊದಲೇ ಅಚ್ಚಾದ ಚಿತ್ರ ಮನಸ್ಸಿನಲ್ಲಿ ಕಾಣಬೇಕು.

ಗೋಕಾಕ ಜಲಪಾತವನ್ನೇ ಪ್ರಯೋಗಶಾಲೆ ಮಾಡಿಕೊಳ್ಳಬಹುದು. ಹತ್ತನೇ ತರಗತಿಯ ಭೌತಶಾಸ್ತ್ರ ಸಾಕು. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ 52 ಮೀಟರ್ ಎತ್ತರದಿಂದ ಬಿದ್ದ ನೀರು ತಳ ಮುಟ್ಟಲು ಸುಮಾರು 3.3 ಸೆಕೆಂಡು ಬೇಕು. ತಳದಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 32 ಮೀಟರ್. ಗಾಳಿಯ ತಡೆಯಿಂದ ನಿಜವಾದ ವೇಗ ಇದಕ್ಕಿಂತ ಕಡಿಮೆಯೇ ಇರುತ್ತದೆ. ಅಂದಾಜಿಗೆ ಇದು ಸಾಕು. ಷಟರ್ ಸೆಕೆಂಡಿನ ಸಾವಿರದ ಒಂದು ಭಾಗ ಮಾತ್ರ ತೆರೆದಿದ್ದರೆ ಆ ಅವಧಿಯಲ್ಲಿ ನೀರು ಚಲಿಸುವುದು 3 ಸೆಂಟಿಮೀಟರಿನಷ್ಟು. ದೂರದಿಂದ ಅದು ನಿಂತಂತೆಯೇ ಕಾಣುತ್ತದೆ; ಹನಿಹನಿಯೂ ಬಿಡಿಯಾಗಿ ತೋರುತ್ತದೆ. ಮೂವತ್ತರ ಒಂದು ಭಾಗವಾದರೆ ಸುಮಾರು 1 ಮೀಟರ್, ನೀರು ಗೆರೆಗೆರೆಯಾಗುತ್ತದೆ. ಕಾಲು ಸೆಕೆಂಡಾದರೆ 8 ಮೀಟರ್. ನೀರು ಹಿಂಜಿದ ಅರಳೆಯಾಗುತ್ತದೆ. ಯಾವುದು ಸರಿ? ಮೂರೂ ಸರಿ. ಯಾವುದು ಬೇಕೆಂದು ಮೊದಲೇ ಹೇಳಿ, ಅದನ್ನೇ ತಂದವನು ಬಲ್ಲವನು.

ಮುಂದಿನ ಪ್ರಶ್ನೆ ಬೆಳಕಿನದು. ಹಳೆಯ ಛಾಯಾಗ್ರಾಹಕರಲ್ಲಿ 'ಬಿಸಿಲಿಗೆ ಹದಿನಾರು' ಎಂಬ ಲೆಕ್ಕವಿತ್ತು. ಚೆನ್ನಾದ ಬಿಸಿಲಿನಲ್ಲಿ ಅಪರ್ಚರ್ ಎಫ್ 16 ಇಟ್ಟು, ಫಿಲ್ಮಿನ ವೇಗ 100 ಆಗಿದ್ದರೆ ಷಟರ್ ನೂರರ ಒಂದು ಸೆಕೆಂಡು. ಅದೇ ಬಿಸಿಲಿನಲ್ಲಿ ಅರಳೆಯಂಥ ನೀರು ಬೇಕೆಂದು ಕಾಲು ಸೆಕೆಂಡು ಇಟ್ಟರೆ ಒಳಗೆ ಬರುವ ಬೆಳಕು 25 ಪಟ್ಟು ಹೆಚ್ಚು. ಚಿತ್ರ ಬಿಳಿ ಹಾಳೆಯಾಗುತ್ತದೆ. ಇದನ್ನು ಬಲ್ಲವನು ಮೋಡದ ದಿನವನ್ನೋ, ಮುಂಜಾವನ್ನೋ, ಮುಸ್ಸಂಜೆಯನ್ನೋ ಆರಿಸುತ್ತಾನೆ. ಇಲ್ಲವೇ ಲೆನ್ಸಿಗೆ ಕಪ್ಪು ಗಾಜು ಹಾಕುತ್ತಾನೆ. ಬಾರದವನು ಹತ್ತು ಸಲ ಒತ್ತಿ, ಬಂದದ್ದರಲ್ಲಿ ಒಂದನ್ನು ಆರಿಸುತ್ತಾನೆ.

ಮೂರನೆಯ ಪರೀಕ್ಷೆಗೆ ಜಲಪಾತವೂ ಬೇಡ. ಅಂಗಳದಲ್ಲಿ ಕಟ್ಟಿದ ಕರಿ ಎಮ್ಮೆ, ಹಗ್ಗದ ಮೇಲೆ ಒಣಹಾಕಿದ ಬಿಳಿ ಧೋತರ ಸಾಕು. ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಸಾಧನಕ್ಕೆ ಎದುರಿನ ದೃಶ್ಯವೆಲ್ಲ ಸರಾಸರಿಯಲ್ಲಿ ನಡುಬೂದು ಬಣ್ಣದ್ದು ಎಂಬ ಊಹೆ ಇರುತ್ತದೆ. ಹಾಗಾಗಿ ಚೌಕಟ್ಟಿನ ತುಂಬ ಎಮ್ಮೆಯೇ ಇದ್ದರೆ ಅದು ಬೂದಿ ಬಳಿದಂತೆ ಬರುತ್ತದೆ. ಧೋತರವೇ ತುಂಬಿದ್ದರೆ ಮಾಸಿದಂತೆ ಬರುತ್ತದೆ. ಎಮ್ಮೆಗೆ ಬೆಳಕು ಕಡಿಮೆ ಮಾಡಬೇಕು, ಧೋತರಕ್ಕೆ ಹೆಚ್ಚು ಮಾಡಬೇಕು. ಕೇಳಲು ತಲೆಕೆಳಗೆನಿಸುವ ಈ ನಿಯಮವನ್ನು ಕಾರಣಸಹಿತ ಹೇಳಬಲ್ಲವರು ಮೊದಲ ಮೆಟ್ಟಿಲು ದಾಟಿದ್ದಾರೆ.

ಒಂದು ನೋಟುಪುಸ್ತಕ ಇಟ್ಟುಕೊಳ್ಳಿ. ಪ್ರತಿ ಚಿತ್ರಕ್ಕೆ ಮೊದಲು ಮೂರು ಮಾತು ಬರೆಯಿರಿ: ಯಾವುದು ಸ್ಪಷ್ಟವಾಗಿರುತ್ತದೆ, ಯಾವುದು ಹೆಚ್ಚು ಬೆಳ್ಳಗೆ ಅಥವಾ ಕಪ್ಪಗೆ ಬರುತ್ತದೆ, ನೋಡುವವನ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ. ಆಮೇಲೆ ತೆಗೆದು ಹೋಲಿಸಿ. ಇಪ್ಪತ್ತು ಚಿತ್ರಗಳಲ್ಲಿ ಎಷ್ಟರಲ್ಲಿ ಹೇಳಿದ್ದೇ ಬಂತು? ನಾಲ್ಕೈದರಲ್ಲಿ ಬಂದರೆ ಆರಂಭ. ಹತ್ತರಲ್ಲಿ ಬಂದರೆ ನಡುದಾರಿ. ಹದಿನೈದು ದಾಟಿದರೆ ಕೈ ಮಾತು ಕೇಳುತ್ತಿದೆ. ಯಾರ ಹೊಗಳಿಕೆಯೂ, ಯಾರ ತೆಗಳಿಕೆಯೂ ಈ ಲೆಕ್ಕವನ್ನು ಬದಲಿಸಲಾರದು.

ಹತ್ತು ಚಿತ್ರ, ಹೊರಗಿನ ಕಣ್ಣು

ಕರ್ನಾಟಕದಲ್ಲಿ ಹವ್ಯಾಸಿ ಛಾಯಾಗ್ರಹಣಕ್ಕೆ ದೊಡ್ಡ ಪರಂಪರೆಯೇ ಇದೆ. ಬೆಂಗಳೂರಿನ ಡಾ. ಜಿ. ಥಾಮಸ್ ಅವರು ಮುಂದಾಳಾಗಿ 1953ರಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟ ರೂಪುಗೊಂಡಿತು. 1971ರಲ್ಲಿ ಬೆಂಗಳೂರಿನಲ್ಲೇ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ಸಂಡೂರು ರಾಜಮನೆತನದ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಸಚಿವರಾಗಿದ್ದವರು; ಅವರ ಹವ್ಯಾಸ ವನ್ಯಜೀವಿ ಛಾಯಾಗ್ರಹಣ. ಅವರಿಗೂ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರಿಗೂ ಅಂತಾರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟದ 'ಮಾಸ್ಟರ್' ಗೌರವ ದೊರೆತಿತ್ತು. ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯಲ್ಲಿ ಹಕ್ಕಿಗಳ ಚಿತ್ರಕ್ಕಾಗಿ ಅಡಗಿ ಕೂತು ಗಂಟೆಗಟ್ಟಲೆ ಕಾಯುತ್ತಿದ್ದರೆಂಬುದು ಕನ್ನಡದ ಓದುಗರಿಗೆಲ್ಲ ಗೊತ್ತು. ಇವರಲ್ಲಿ ಒಬ್ಬರು ಸಚಿವರು, ಇನ್ನೊಬ್ಬರು ಲೇಖಕ ಹಾಗೂ ಕಾಫಿ ಬೆಳೆಗಾರರು. ಹೊಟ್ಟೆಪಾಡು ಬೇರೆ, ಹವ್ಯಾಸ ಬೇರೆ. ಹವ್ಯಾಸದಲ್ಲೂ ಎತ್ತರಕ್ಕೆ ಏರಬಹುದು ಎಂಬುದಕ್ಕೆ ಇವರು ಸಾಕ್ಷಿ.

ಇಂಥ ಸಂಘಗಳು ಒಬ್ಬರ ಮಟ್ಟವನ್ನು ಹೇಗೆ ನಿರ್ಧರಿಸುತ್ತವೆ ಎಂಬುದರಲ್ಲಿ ಕಲಿಯುವುದು ಬಹಳವಿದೆ. 1853ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಯನ್ನು ನೋಡಿ. ಅದರ ಮೊದಲ ಮೆಟ್ಟಿಲಾದ 'ಲೈಸೆನ್ಷಿಯೇಟ್'ಗೆ 10 ಚಿತ್ರಗಳ ಒಂದು ಗುಚ್ಛ ಕೊಡಬೇಕು. ಎರಡನೆಯ ಮೆಟ್ಟಿಲಾದ 'ಅಸೋಸಿಯೇಟ್'ಗೆ 15. ಮೇಲಿನ 'ಫೆಲೋಶಿಪ್'ಗೆ ಇನ್ನೂ ಹೆಚ್ಚು ಚಿತ್ರಗಳ ಜೊತೆಗೆ ಆ ವ್ಯಕ್ತಿಯದೇ ಆದ ವಿಶಿಷ್ಟ ದೃಷ್ಟಿಯೂ ಬೇಕು. ಒಂದೇ ಒಂದು ಅದ್ಭುತ ಚಿತ್ರ ತಂದು "ನನಗೆ ಪದವಿ ಕೊಡಿ" ಎಂದರೆ ನಡೆಯುವುದಿಲ್ಲ. ಯಾಕೆ? ಒಂದು ಚಿತ್ರ ಅದೃಷ್ಟದಿಂದ ಬಂದೀತು, ಹತ್ತು ಬಾರವು. ನಾಣ್ಯ ಒಮ್ಮೆ ಚಿಮ್ಮಿದಾಗ ರಾಜ ಬಿದ್ದರೆ ಅಚ್ಚರಿಯಿಲ್ಲ. ಸತತ ಹತ್ತು ಸಲ ಬೀಳುವ ಸಾಧ್ಯತೆ 1,024ಕ್ಕೆ ಒಂದು.

1950ರಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ಒಕ್ಕೂಟದ್ದು ಬೇರೊಂದು ಕ್ರಮ. ಹಲವು ದೇಶಗಳ ಸ್ಪರ್ಧೆಗಳಲ್ಲಿ ಚಿತ್ರಗಳು ಆಯ್ಕೆಯಾಗುತ್ತ ಹೋದಂತೆ ಮೆಟ್ಟಿಲು ಏರಬಹುದು. ತೀರ್ಪುಗಾರರ ಮುಂದೆ ಚಿತ್ರ ಬರುತ್ತದೆ, ಹೆಸರು ಬರುವುದಿಲ್ಲ. ಅದು ಯಾರ ಮಗನದು, ಯಾವ ಕ್ಯಾಮೆರಾದ್ದು, ತೆಗೆಯಲು ಎಷ್ಟು ಕಷ್ಟವಾಯಿತು ಎಂಬುದೊಂದೂ ಅಲ್ಲಿ ನಡೆಯದು. ಮನೆಯಲ್ಲಿ ಹೆತ್ತವರಿಗೆ ಹೆಗ್ಗಣ ಮುದ್ದು. ಸಂಘದಲ್ಲಿ ಚಿತ್ರ ತಾನೇ ತನ್ನ ಪರ ಮಾತಾಡಬೇಕು.

ಬೆಂಗಳೂರಿಗೆ, ಲಂಡನ್ನಿಗೆ ಹೋಗಲಾರದವರು ಇದನ್ನೇ ಊರಿನಲ್ಲಿ ಮಾಡಬಹುದು. ನಾಲ್ಕೈದು ಗೆಳೆಯರು ಸೇರಿ. ತಲಾ ಹತ್ತು ಚಿತ್ರ ಅಂಚೆ ಕಾರ್ಡಿನ ಅಳತೆಯಲ್ಲಿ ಅಚ್ಚು ಹಾಕಿಸಿ. ಹೆಸರು ಬರೆಯಬೇಡಿ. ಎಲ್ಲವನ್ನೂ ಕಲೆಸಿ, ಶಾಲೆಯ ಚಿತ್ರಕಲಾ ಶಿಕ್ಷಕರ ಮುಂದೆಯೋ, ಮೂವತ್ತು ವರ್ಷ ಸ್ಟುಡಿಯೋ ನಡೆಸಿದ ಹಿರಿಯರ ಮುಂದೆಯೋ ಇಡಿ. "ಕಾಕಾ, ಇದರಾಗ ಯಾವ ಹತ್ತು ಇಟ್ಟುಕೊಳ್ಳೂಣು, ಯಾವು ತಗದ್ಹಾಕೂಣು? ಯಾಕಂತ ಹೇಳ್ರಿ" ಎಂದು ಕೇಳಿ. ಆ 'ಯಾಕ' ಎಂಬ ಮಾತೇ ಮುಖ್ಯ. ಬರಿಯ ಛಲೋ, ಬರಿಯ ಕೆಟ್ಟದ್ದು ಎಂಬ ಮಾತಿನಿಂದ ಯಾರೂ ಕಲಿತಿಲ್ಲ.

ಇಲ್ಲೊಂದು ತಿಳಿವಳಿಕೆ ಅಗತ್ಯ. ಮದುವೆ ಫೋಟೋ ತೆಗೆದು ಹಣ ಗಳಿಸಿದ ಮಾತ್ರಕ್ಕೆ ಒಬ್ಬ ಮೇಲಿನವನು, ಗಳಿಸದ ಮಾತ್ರಕ್ಕೆ ಇನ್ನೊಬ್ಬ ಕೆಳಗಿನವನು ಆಗುವುದಿಲ್ಲ. ವೃತ್ತಿಯವನ ಕೌಶಲ ಬೇರೆ ತೆರನಾದದ್ದು. ಅಕ್ಕಿಕಾಳು ಬೀಳುವ ಆ ಒಂದು ಕ್ಷಣ ಅವನಿಗೆ ತಪ್ಪುವಂತಿಲ್ಲ. ಕರೆಂಟು ಹೋದರೂ, ಮಂಟಪದಲ್ಲಿ ನೂಕುನುಗ್ಗಲಾದರೂ ಚಿತ್ರ ಬರಲೇಬೇಕು. ಹವ್ಯಾಸಿ ಅವನಿಂದ ಕಲಿಯಬೇಕಾದದ್ದು ಈ ಭರವಸೆಯನ್ನು.

ಕೈಗಿಂತ ಮೊದಲು ಕಣ್ಣು

ಹವ್ಯಾಸದ ದಾರಿಯಲ್ಲಿ ಒಂದು ಇಳಿಜಾರು ಬರುತ್ತದೆ. ಮೊದಲ ಕೆಲವು ತಿಂಗಳು ಎಲ್ಲ ಚಿತ್ರವೂ ಸುಂದರ. ಆಮೇಲೆ ಒಳ್ಳೆಯ ಪುಸ್ತಕ ನೋಡಿ, ಪ್ರದರ್ಶನ ನೋಡಿ, ನಾಲ್ಕು ಮಂದಿ ಬಲ್ಲವರ ಮಾತು ಕೇಳಿದ ಮೇಲೆ ತನ್ನ ಹಳೆಯ ಚಿತ್ರಗಳೆಲ್ಲ ಸಪ್ಪೆಯಾಗಿ ಕಾಣತೊಡಗುತ್ತವೆ. ದಿಗಂತ ಓರೆಯಾಗಿದೆ. ತಲೆಯ ಹಿಂದಿನಿಂದ ಕರೆಂಟಿನ ಕಂಬ ಎದ್ದಿದೆ. "ನನಗೆ ಏನೂ ಬರುವುದಿಲ್ಲ" ಎನಿಸುತ್ತದೆ. ಬಹಳ ಮಂದಿ ಕ್ಯಾಮೆರಾ ಕೆಳಗಿಡುವುದು ಇಲ್ಲೇ.

ಅವರು ತಿಳಿಯಬೇಕಾದದ್ದು ಇಷ್ಟು: ಕಂಬ ಮೊದಲೂ ಅಲ್ಲೇ ಇತ್ತು. ಈಗ ಅದು ಕಾಣುತ್ತಿದೆ. ಕೈಗಿಂತ ಮೊದಲು ಕಣ್ಣು ಬೆಳೆದಿದೆ. ಕೈ ಹಿಂದುಳಿದಿದೆ ಅನಿಸುವುದು ಕಣ್ಣು ಮುಂದೆ ಹೋದದ್ದರ ಗುರುತು. ಹಳೆಯ ಚಿತ್ರಗಳನ್ನು ಆದ್ದರಿಂದಲೇ ಅಳಿಸಬಾರದು. ವರ್ಷಕ್ಕೊಮ್ಮೆ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಚಿತ್ರ ತೆಗೆದು ಹಳೆಯದರ ಪಕ್ಕದಲ್ಲಿಟ್ಟು ನೋಡಬೇಕು. ಬೇರೆಯವರೊಂದಿಗೆ ಹೋಲಿಸಿಕೊಂಡರೆ ಅಸೂಯೆ ಅಥವಾ ಅಹಂಕಾರ ಬರುತ್ತದೆ. ನಿನ್ನೆಯ ತನ್ನೊಂದಿಗೆ ಹೋಲಿಸಿಕೊಂಡರೆ ಲೆಕ್ಕ ಸಿಗುತ್ತದೆ.

ಮನೆಯ ಸುತ್ತಲೇ ಪಾಠಶಾಲೆ

ಇದಕ್ಕೆ ದೂರ ಹೋಗಬೇಕಾಗಿಲ್ಲ. ಗೊಡಚಿನಮಲ್ಕಿಯಲ್ಲಿ ಮಾರ್ಕಂಡೇಯ ನದಿ ಎರಡು ಹಂತಗಳಲ್ಲಿ, ಮೊದಲು ಸುಮಾರು 25 ಮೀಟರ್, ಆಮೇಲೆ ಸುಮಾರು 18 ಮೀಟರ್ ಧುಮುಕುತ್ತದೆ. ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಅರ್ಥವಾಗುವಂತೆ ಕೂಡಿಸುವುದು ಒಳ್ಳೆಯ ಅಭ್ಯಾಸ. ಧೂಪದಾಳದ ನೀರಿನ ಹರವು 1974ರಲ್ಲಿ ಘೋಷಣೆಯಾದ ಘಟಪ್ರಭಾ ಪಕ್ಷಿಧಾಮದ ಭಾಗ. ಚಳಿಗಾಲದಲ್ಲಿ ದೂರ ದೇಶದಿಂದ ಡೆಮೊಸೆಲ್ ಕ್ರೇನ್ ಎಂಬ ಕೊಕ್ಕರೆಗಳು ಬರುತ್ತವೆ. ಅಲ್ಲಿ ತಾಳ್ಮೆಯ ಪರೀಕ್ಷೆ. ಹುಕ್ಕೇರಿಯ ಆದಿಲಶಾಹಿ ಕಾಲದ ಗುಮ್ಮಟಗಳಲ್ಲಿ ಬೆಳಗಿನ, ಸಂಜೆಯ ಬೆಳಕು ಗೋಡೆಯ ಮೇಲೆ ಹೇಗೆ ಸರಿಯುತ್ತದೆಂದು ನೋಡಬಹುದು. ಬೇಸಿಗೆಯಲ್ಲಿ ಹಿಡಕಲ್ ಜಲಾಶಯದ ನೀರು ಇಳಿದಾಗ ಮುಳುಗಿದ್ದ ಹುನ್ನೂರಿನ ವಿಠ್ಠಲ ಗುಡಿ ಮೇಲೆದ್ದು ನಿಲ್ಲುತ್ತದೆ. ವರ್ಷದ ಬೇರೆ ಬೇರೆ ತಿಂಗಳಲ್ಲಿ ಒಂದೇ ಕಡೆ ನಿಂತು ತೆಗೆದರೆ ಅದೇ ಒಂದು ಕಥೆ. ಮುಡಲಗಿ ಕಡೆಯ ಬೆಲ್ಲದ ಗಾಣದಲ್ಲಿ ಕುದಿಯುವ ಕಬ್ಬಿನ ಹಾಲಿನ ಹಬೆ, ಅದರ ಹಿಂದಿನಿಂದ ಬರುವ ಬಿಸಿಲು. ಕ್ಯಾಮೆರಾದ ಅಳತೆಸಾಧನ ಅಲ್ಲಿ ಖಂಡಿತ ತಪ್ಪುತ್ತದೆ, ಮನುಷ್ಯನ ಬುದ್ಧಿ ಬೇಕಾಗುತ್ತದೆ. ಗೋಕಾಕದ ಬಣ್ಣದ ಆಟಿಕೆ, ಮರದ ಹಣ್ಣುಗಳು ಕಿಟಕಿಯ ಬೆಳಕಿನಲ್ಲಿ ಕಲಿಯಲು ಹೇಳಿಮಾಡಿಸಿದಂಥವು.

ಹತ್ತು ಜಾಗಕ್ಕೆ ಒಂದೊಂದು ಸಲ ಹೋದವನಿಗಿಂತ ಒಂದೇ ಜಾಗಕ್ಕೆ ಹತ್ತು ಸಲ ಹೋದವನು ತನ್ನನ್ನು ಚೆನ್ನಾಗಿ ಅಳೆದುಕೊಳ್ಳಬಲ್ಲ. ದೃಶ್ಯ ಅದೇ ಇರುವಾಗ ಬದಲಾಗುವುದು ತೆಗೆಯುವವನು ಮಾತ್ರ.

ಒಂದು ಎಚ್ಚರಿಕೆ. ಜಲಪಾತದ ಅಂಚಿನ ಬಂಡೆ ಮಳೆಗಾಲದಲ್ಲಿ ಪಾಚಿಗಟ್ಟಿ ಜಾರುತ್ತದೆ. ಚಿತ್ರದ ಆಸೆಗೆ ಅಂಚಿಗೆ ಹೋಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಎಲ್ಲಿ ನಿಲ್ಲಬಾರದು ಎಂದು ತಿಳಿಯುವುದೂ ಛಾಯಾಗ್ರಾಹಕನ ಕೌಶಲದ ಭಾಗ. ಅದರಲ್ಲಿ ನಪಾಸಾದರೆ ಮರುಪರೀಕ್ಷೆ ಇಲ್ಲ.

ನಿಮ್ಮನ್ನು ನೀವೇ ಕೇಳಿಕೊಳ್ಳಿ

1. ಕಳೆದ ತಿಂಗಳ ಚಿತ್ರಗಳಲ್ಲಿ ಗೋಡೆಗೆ ಹಾಕಬಹುದಾದ ಒಂದನ್ನು ಆರಿಸಿ, ಕಾರಣ ಹೇಳಬಲ್ಲಿರಾ?
2. ಕೆಟ್ಟುಹೋದ ಒಂದು ಚಿತ್ರ ಯಾಕೆ ಕೆಟ್ಟಿತೆಂದು ಕ್ಯಾಮೆರಾವನ್ನು ದೂರದೆ ವಿವರಿಸಬಲ್ಲಿರಾ?
3. ನಿಮ್ಮ ಒಳ್ಳೆಯ ಚಿತ್ರವನ್ನು ನಾಳೆ ಮತ್ತೆ ಅದೇ ರೀತಿ ತೆಗೆಯಬಲ್ಲಿರಾ?
4. ಎಫ್ 8ರಿಂದ ಎಫ್ 11ಕ್ಕೆ ಹೋದರೆ ಬೆಳಕು ಎಷ್ಟಾಗುತ್ತದೆ? (ಅರ್ಧ.) ಸ್ಪಷ್ಟತೆಯ ಆಳ ಹೆಚ್ಚುತ್ತದೋ, ಕಡಿಮೆಯಾಗುತ್ತದೋ? (ಹೆಚ್ಚುತ್ತದೆ.)
5. ಒತ್ತುವ ಮೊದಲು ಚೌಕಟ್ಟಿನ ನಾಲ್ಕು ಮೂಲೆಗಳನ್ನು ನೋಡುವ ರೂಢಿ ಇದೆಯೇ?
6. ಅಪರಿಚಿತರ ಚಿತ್ರ ತೆಗೆಯುವ ಮೊದಲು ಒಪ್ಪಿಗೆ ಕೇಳುತ್ತೀರಾ?
7. ಹತ್ತು ಒಳ್ಳೆಯ ಚಿತ್ರಗಳ ಗುಚ್ಛ ನಿಮ್ಮಲ್ಲಿದೆಯೇ?
8. ಹೊಗಳಿಕೆ ಬಾರದ ಚಿತ್ರವೊಂದು ನಿಮಗೆ ಇನ್ನೂ ಇಷ್ಟವಾಗಿ ಉಳಿದಿದೆಯೇ?

ಎರಡು ಮೂರಕ್ಕೆ 'ಹೌದು' ಎಂದರೆ ಆರಂಭದ ಮೆಟ್ಟಿಲು; ನಾಚಿಕೆಯೇನಿಲ್ಲ. ಐದಕ್ಕೆ ಹೌದಾದರೆ ಹಾದಿ ಸರಿಯಿದೆ. ಎಂಟಕ್ಕೂ ಥಟ್ಟನೆ 'ಹೌದು' ಎಂದವರು ಒಮ್ಮೆ ಮೂರನೆಯ ಪ್ರಶ್ನೆಯನ್ನು ಮಾಡಿ ನೋಡಿ, ಆಮೇಲೆ ಉತ್ತರಿಸುವುದು ಮೇಲು.

ತಂದೆತಾಯಿಗಳಿಗೆ ಒಂದು ಮಾತು

ಮಗ ಕ್ಯಾಮೆರಾ ಕೇಳಿದಾಗ 'ಬೇಡ' ಎಂದು ಗದರುವುದೂ ಸರಿಯಲ್ಲ, ಸಾಲ ಮಾಡಿ ಕೊಡಿಸುವುದೂ ಸರಿಯಲ್ಲ. "ಆರು ತಿಂಗಳು ಈ ಮೊಬೈಲಿನ್ಯಾಗ ಹತ್ತು ಚಿತ್ರ ತಗದು ತೋರಸು. ಯಾವುದು ಯಾಕ ಛಲೋ ಅಂತ ನನಗ ತಿಳಿಯುವ ಹಂಗ ಹೇಳು. ಈ ಮೊಬೈಲಿನ್ಯಾಗ ಏನು ಆಗೂದಿಲ್ಲ, ಅದನ್ನೂ ಹೇಳು" ಎನ್ನಿ. ಕೊನೆಯ ಪ್ರಶ್ನೆಗೆ ನಿಖರವಾದ ಉತ್ತರ ಕೊಟ್ಟ ಮಗುವಿಗೆ ಕ್ಯಾಮೆರಾ ನಿಜವಾಗಿ ಬೇಕಾಗಿದೆ. ಆಗಲೂ ಓದು ಬಿಡಬೇಕಾಗಿಲ್ಲ. ಬೆಳಕಿನ ಪಾಠ, ಲೆನ್ಸಿನ ಪಾಠ, ಸಂಭವನೀಯತೆಯ ಪಾಠ ಎಲ್ಲವೂ ಪಠ್ಯಪುಸ್ತಕದಲ್ಲೇ ಇವೆ. ಉತ್ತರ ಬಾರದ ಮಗುವಿಗೆ ಇನ್ನಾರು ತಿಂಗಳು ಕಾಲ ಕೊಡಿ.

ಚಿತ್ರಗಳನ್ನು ಅಳಿಸಿಹಾಕುವ ಮಗಳು ಮನೆಯಲ್ಲಿದ್ದರೆ ಮಾತ್ರ ಬೇರೆ ದಾರಿ. ಅಂಥವಳಿಗೆ ಪರೀಕ್ಷೆ ಬೇಕಾಗಿಲ್ಲ. ಅವಳು ಆಗಲೇ ತನಗೆ ದಿನಾಲೂ ಕಠಿಣ ಪರೀಕ್ಷೆ ಕೊಟ್ಟುಕೊಳ್ಳುತ್ತಿದ್ದಾಳೆ. ಅವಳ ಒಂದು ಚಿತ್ರವನ್ನು ನೀವೇ ಆರಿಸಿ, ಮುಡಲಗಿಯ, ಹುಕ್ಕೇರಿಯ ಯಾವುದಾದರೊಂದು ಸ್ಟುಡಿಯೋದಲ್ಲಿ ದೊಡ್ಡದಾಗಿ ಅಚ್ಚು ಹಾಕಿಸಿ, ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿ. ದಿನವೂ ಎದುರಿಗೆ ಕಾಣುವ ಆ ಚಿತ್ರದಲ್ಲಿ ತನ್ನ ತಪ್ಪನ್ನೂ ತನ್ನ ಶಕ್ತಿಯನ್ನೂ ಅವಳು ಒಟ್ಟಿಗೇ ನೋಡುವಂತಾಗಲಿ.